ಒಂದು ಬೆರಳು ಹಿಂದೆ ನಿಂತ ಏಟು

ಭಾನುವಾರ ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಎಲ್ಲ ಕೆಡಲು ಶುರುವಾಯಿತು. ಗಳಿಗೆ ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಪರದೆಯ ಮೇಲೆ ನಡೆಯುತ್ತಿದ್ದುದನ್ನು ನೋಡಲಾರದೆ ನಾನು ಟೀವಿಯ ಕೆಳಗಿದ್ದ ವಿಸಿಆರ್‌ನ ಹಸಿರು ಅಂಕಿಗಳನ್ನೇ ನೋಡುತ್ತಿದ್ದೆ. ಆ ಗಡಿಯಾರ ತಪ್ಪುವಂತಿರಲಿಲ್ಲ. ಎರಡು ಸಾವಿರದ ಇಸವಿ ಬಂದರೆ ಯಂತ್ರ ನಿಂತುಹೋಗುತ್ತದೆ ಎಂದು ಹೆದರಿದ್ದ ಮನೆಯ ಮಾಲೀಕರಿಗಾಗಿ ನಾವು ಮೂವರು ಇಂಜಿನಿಯರುಗಳು ಕೂತು ಅದರ ಸಮಯ ಸರಿಮಾಡಿಕೊಟ್ಟಿದ್ದೆವು. ಹಗಲೆಲ್ಲ ಕಂಪನಿಯಲ್ಲಿ ಹಳೆಯ ಪ್ರೋಗ್ರಾಮುಗಳ ತಾರೀಖು ತಿದ್ದುತ್ತಿದ್ದವರಿಗೆ ಅದು ಮಕ್ಕಳಾಟ.

ಪರದೆಯ ಮೇಲೆ ಬಂದರಿನ ಒಬ್ಬ ಚೀನೀ ಹಮಾಲಿ ಜಪಾನಿ ಕರಾಟೆ ಶಾಲೆಗೆ ನುಗ್ಗಿ, ಶಿಷ್ಯರನ್ನೆಲ್ಲ ನೆಲಕ್ಕೆ ಕೆಡವಿ, ಬಾಗಿಲ ಮೇಲಿದ್ದ ಮರದ ನಾಮಫಲಕವನ್ನು ಒಂದೇ ಒದೆತಕ್ಕೆ ಎರಡು ಹೋಳು ಮಾಡಿದ. ಹೋಳುಗಳು ನಮ್ಮ ಮುಖಕ್ಕೇ ಬಂದಂತೆ ಹಾರಿದವು. ನಾವು ಆ ಸಿನಿಮಾ ನೋಡುತ್ತಿದ್ದದ್ದು ಒಂದು ಜಪಾನಿ ಕರಾಟೆ ಶಾಲೆಯೊಳಗೆ. ನಮ್ಮ ಹಿಂದೆ ಆ ಶಾಲೆಯ ಗುರುಗಳೂ ಶಿಷ್ಯರೂ ಮಂಡಿಯೂರಿ ಕೂತಿದ್ದರು. ಅವರ ನಾಮಫಲಕ ಹೊರಬಾಗಿಲ ಪಕ್ಕದಲ್ಲಿ ತೂಗುತ್ತಿತ್ತು.

ಯೋಕೋಹಾಮಾದ ಆ ಎರಡಂತಸ್ತಿನ ಮರದ ಮನೆಯ ಕೆಳಗೆ ಕರಾಟೆ ಶಾಲೆ, ಅದರ ಹಿಂದೆ ಗುರುಗಳ ಒಂಟಿ ಬಿಡಾರ. ಮೇಲೆ ಮೂರು ಕೋಣೆಗಳು. ವಿದೇಶೀಯರು ಅಂದರೆ ಕೈ ಅಡ್ಡ ಆಡಿಸಿ ಕಳಿಸುವ ಮಾಲೀಕರೇ ಹೆಚ್ಚಾಗಿದ್ದ ಊರಿನಲ್ಲಿ ಮನೆಯ ಮಾಲೀಕರೂ ಆಗಿದ್ದ ಈ ಮುದುಕ ಗುರುಗಳು ಮೂರೂ ಕೋಣೆಗಳನ್ನು ನಮಗೇ ಕೊಟ್ಟಿದ್ದರು. ಮೊದಲನೆಯದರಲ್ಲಿ ನಾನು, ದಾವಣಗೆರೆಯಲ್ಲಿ ಬಿ.ಇ. ಮುಗಿಸಿ ಬಂದವಳು. ನಡುವಿನದರಲ್ಲಿ ನನ್ನ ಕಂಪನಿಯಲ್ಲೇ ಕೆಲಸ ಮಾಡುತ್ತಿದ್ದ ಚೀನಾದ ಹೆಂಗಸು, ನನಗಿಂತ ಎಂಟು ಹತ್ತು ವರ್ಷ ದೊಡ್ಡವಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಆ ಪದದ ಅರ್ಥ ಕೇಳಿ ತಿಳಿದುಕೊಂಡ ಮೇಲೆ ಅವಳು ನನ್ನನ್ನು ಕನ್ನಡದಲ್ಲೇ ತಂಗಿ ಎಂದು ಕರೆಯತೊಡಗಿದಳು. ಕೊನೆಯ ಕೋಣೆಯಲ್ಲಿ ಕೊರಿಯಾದ ನೆಟ್‌ವರ್ಕ್ ಇಂಜಿನಿಯರ್, ಯಾವುದನ್ನೂ ತಮಾಷೆ ಮಾಡದೆ ಬಿಡದವನು.

ನಾನು ಅವರ ಹಳೆಯ ಜಗಳಗಳಿಗೆ ಸೇರದ ಇಂಡಿಯಾದವಳಾದ್ದರಿಂದ ಅಲ್ಲಿ ಎಲ್ಲರೂ ನನ್ನ ಹತ್ತಿರ ಬಾಯಿ ಬಿಡುತ್ತಿದ್ದರು. ಒಬ್ಬರು ಇನ್ನೊಬ್ಬರಿಗೆ ಹೇಳದ್ದನ್ನು ಅಕ್ಕ, ಕೊರಿಯಾದವನು, ಗುರುಗಳು ಮೂವರೂ ನನಗೆ ಹೇಳುತ್ತಿದ್ದರು. ಹಾಗಾಗಿ ಎಲ್ಲರ ಬಗ್ಗೆಯೂ ನನಗೆ ತಿಳಿದಿದೆ ಅಂದುಕೊಂಡಿದ್ದೆ.

ಸಿನಿಮಾದ ವಿಷಯದಲ್ಲಿ ನನಗೆ ಏನೂ ತಿಳಿದಿರಲಿಲ್ಲ. ನಮ್ಮೂರಿನ ಟಾಕೀಸಿಗೆ ಬರುತ್ತಿದ್ದ ಕುಂಗ್ ಫೂ, ಕರಾಟೆ, ಕತ್ತಿವರಸೆ ಎಲ್ಲವೂ ನಮಗೆ ‘ಕರಾಟೆ ಪಿಕ್ಚರ್’. ಹೊಡೆಯುವವನು ಯಾವ ದೇಶದವನು, ಹೊಡೆಸಿಕೊಳ್ಳುವವನು ಯಾವ ದೇಶದವನು ಎಂದು ಯಾರೂ ಕೇಳುತ್ತಿರಲಿಲ್ಲ. ಮಾತು ಇಂಗ್ಲಿಷಿನಲ್ಲಿ, ತುಟಿ ಅಲ್ಲಾಡುವುದು ಬೇರೆ ಯಾವುದರಲ್ಲೋ. ನನ್ನ ಅಣ್ಣ ಮಧ್ಯಾಹ್ನದ ಆಟ ನೋಡಿ ಬಂದು ಹಿತ್ತಲಲ್ಲಿ ಬಟ್ಟೆ ಒಣಹಾಕುವ ಗಳಕ್ಕೆ ಒದೆಯುತ್ತಿದ್ದ. ನಮಗೆ ಆ ದೇಶಗಳ ಸಂಬಂಧ ಅಂದರೆ ಅಷ್ಟೇ.

ಅಕ್ಕ ಚೀನೀಯರ ಪೇಟೆಯಿಂದ ಒಂದು ಕ್ಯಾಸೆಟ್ ತಂದಿದ್ದಳು. ನಮ್ಮ ಮೂವರಲ್ಲಿ ಯಾರ ಹತ್ತಿರವೂ ವಿಸಿಆರ್ ಇರಲಿಲ್ಲ. ಕೆಳಗೆ ಹೋಗಿ ಕೇಳಿದವಳು ನಾನು. “ಸೆನ್ಸೇ, ನಮ್ಮ ಚೀನಾದ ಗೆಳತಿ ಒಂದು ಕರಾಟೆ ಸಿನಿಮಾ ತಂದಿದ್ದಾಳೆ, ಭಾನುವಾರ ಇಲ್ಲಿ ನೋಡಬಹುದೇ?” ಎಂದೆ. ಗುರುಗಳ ಮುಖ ಅರಳಿತು. ಭಾನುವಾರದ ಅಭ್ಯಾಸ ಮುಗಿದ ಮೇಲೆ ಶಿಷ್ಯರೂ ಕೂತು ನೋಡಲಿ ಎಂದರು.

ಭಾನುವಾರ ಸಿನಿಮಾಕ್ಕೆಂದು ಮೆಟ್ಟಿಲಿಳಿಯುವಾಗ ಅಕ್ಕನಿಗೆ ಇದನ್ನು ಹೇಳಿದೆ. ಅವಳು ನಿಂತುಬಿಟ್ಟಳು.

“ತಂಗಿ, ಇದು ಕರಾಟೆ ಸಿನಿಮಾ ಅಲ್ಲ. ಕರಾಟೆಯವರಿಗೆ ಹೊಡೆಯೋ ಸಿನಿಮಾ.”

ಹಿಂದಿನಿಂದ ಬರುತ್ತಿದ್ದ ಕೊರಿಯಾದವನು ನಕ್ಕ. “ನಮ್ಮ ದೇಶದ್ದು ತಂದಿದ್ದರೂ ಅಷ್ಟೇ. ಖಳನಾಯಕ ಇವರೇ. ಅವನ ಮೀಸೆಯೂ ಒಂದೇ ಥರ. ಇಲ್ಲಿನ ಹೊಸ ಸಿನಿಮಾ ನೋಡು, ಗ್ಯಾಂಗ್‌ನವರೆಲ್ಲ ಚೀನಾದಿಂದ ಬಂದಿರುತ್ತಾರೆ. ಮೊನ್ನೆ ಮೊನ್ನೆಯವರೆಗೆ ನಮ್ಮ ಥಿಯೇಟರುಗಳಲ್ಲಿ ಜಪಾನಿ ಸಿನಿಮಾಕ್ಕೆ ಅವಕಾಶವೇ ಇರಲಿಲ್ಲ, ಗೊತ್ತಾ? ಮುಂಬಾಗಿಲಿಗೆ ಬೀಗ, ಹಿತ್ತಲಲ್ಲಿ ಕ್ಯಾಸೆಟ್.”

ಕೆಳಗೆ ಆಗಲೇ ಚಾಪೆಯ ಮೇಲೆ ದಿಂಬು ಹಾಸಿ, ತಟ್ಟೆಯಲ್ಲಿ ಅಕ್ಕಿಯ ಬಿಲ್ಲೆಗಳನ್ನು ಇಟ್ಟಿದ್ದರು. ಬೇಡ ಎನ್ನುವಂತಿರಲಿಲ್ಲ.

ಅಕ್ಕ ಮೆಲುದನಿಯಲ್ಲಿ ಜಪಾನಿಗೆ ಅನುವಾದ ಮಾಡುತ್ತಾ ಹೋದಳು, ಬೈಗುಳಗಳನ್ನು ಮಾತ್ರ ಬಿಟ್ಟು. ಆದರೆ ಪರದೆಯ ಕೆಳಗೆ ಚೀನೀ ಅಕ್ಷರಗಳು ಓಡುತ್ತಿದ್ದವು. ಜಪಾನಿ ಬರಹದಲ್ಲೂ ಅಂಥವೇ ಅಕ್ಷರಗಳಿರುವುದರಿಂದ ಅವುಗಳಲ್ಲಿ ಅರ್ಧದಷ್ಟನ್ನು ಜಪಾನಿಯರು ಸುಲಭವಾಗಿ ಓದಬಲ್ಲರು. ಅವಳು ಏನನ್ನು ಬಿಡುತ್ತಿದ್ದಾಳೆ ಎನ್ನುವುದು ಅಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಕಾಣದಿದ್ದದ್ದು ನನಗೊಬ್ಬಳಿಗೇ.

ಸಿನಿಮಾ ಮುಗಿದಾಗ ಗುರುಗಳು “ಒದೆತ ಚೆನ್ನಾಗಿತ್ತು” ಎಂದರು. ಆಮೇಲೆ, “ಹಲಗೆ ಒಡೆಯುವುದನ್ನು ಇನ್ನೊಮ್ಮೆ ತೋರಿಸಿ” ಎಂದರು. ಕೊರಿಯಾದವನು ಹಿಂದಕ್ಕೆ ಓಡಿಸಿದ. ಹಲಗೆ ಮತ್ತೆ ಒಡೆಯಿತು. “ಇನ್ನೊಮ್ಮೆ” ಎಂದರು. ಅವರ ಪಕ್ಕದಲ್ಲಿ ಕೂತಿದ್ದ ಹಿರಿಯ ಶಿಷ್ಯ ಪರದೆ ನೋಡುತ್ತಿರಲಿಲ್ಲ, ಅಕ್ಕನ ಬೆನ್ನು ನೋಡುತ್ತಿದ್ದ. ನಲವತ್ತು ದಾಟಿದ ಆಳು, ಬಂದರಿನಲ್ಲಿ ಕ್ರೇನ್ ಓಡಿಸುವವನು. ತಾನು ಇಳಿಸುವ ಪೆಟ್ಟಿಗೆಗಳೆಲ್ಲ ಈಗ ಚೀನಾದಿಂದಲೇ ಬರುತ್ತವೆ ಎಂದು ಒಮ್ಮೆ ನನಗೆ ಹೇಳಿದ್ದ. ಹೇಳಿದ ರೀತಿ ನನಗೆ ಆಗಲೂ ಸರಿ ಕಂಡಿರಲಿಲ್ಲ.

ಸೋಮವಾರ ಬೆಳಿಗ್ಗೆ ಗುರುಗಳು ಮಂಡಿನೋವಿಗೆ ಬಿಸಿನೀರಿನ ಬುಗ್ಗೆಗೆ ಹೋಗುತ್ತೇನೆಂದು ಹೊರಟುಹೋದರು. ಶಾಲೆಯ ಕೀಲಿಕೈ ಹಿರಿಯ ಶಿಷ್ಯನ ಹತ್ತಿರ ಇತ್ತು. ಸಂಜೆ ಅವನು ಬಂದು ನೋಡಿದಾಗ ಬಾಗಿಲ ಪಕ್ಕದ ನಾಮಫಲಕ ಇರಲಿಲ್ಲ. ಗೋಡೆಯಲ್ಲಿ ಎರಡು ಕೊಕ್ಕೆ, ನಡುವೆ ಬಿಸಿಲು ತಾಗದ ಉದ್ದನೆಯ ತಿಳಿ ಗುರುತು.

ಆ ಹಲಗೆಯನ್ನು ನಾನು ಹತ್ತಿರದಿಂದ ನೋಡಿದ್ದೆ. ಹಿಂದಿನ ವರ್ಷಾಂತ್ಯದಲ್ಲಿ, ಆ ದೇಶದ ಪದ್ಧತಿಯಂತೆ ಮನೆಯನ್ನೆಲ್ಲ ತೊಳೆದು ಒರೆಸುವ ದಿನ, ಬಾಡಿಗೆಯವರಾದ ನಾವೂ ಕೈ ಹಾಕಿದ್ದೆವು. ನಾನೂ ಅಕ್ಕನೂ ಹಲಗೆಯನ್ನು ಇಳಿಸಿ ತಿರುಗಿಸಿದ್ದೆವು. ಮುಂದೆ ಕಪ್ಪು ಅಕ್ಷರ. ಹಿಂದೆ ಮಾಸಿದ ಕೆಂಪು ಬಣ್ಣ, ತುದಿಯಲ್ಲಿ ತಿರುಗಣಿ ಕೂರಿಸಿದ ಗುರುತು. ಯಾರದೋ ಮನೆಯ ಬಾಗಿಲಿನ ಹಲಗೆ ಅದು. ಅಕ್ಕ ಆ ಕೆಂಪಿನ ಮೇಲೆ ಬೆರಳಾಡಿಸಿ, “ಇದು ಎಲ್ಲಿಯದು?” ಎಂದು ಗುರುಗಳನ್ನು ಕೇಳಿದ್ದಳು. “ಅಪ್ಪನ ಕಾಲದ್ದು. ಹಳೆಯದು” ಎಂದಷ್ಟೇ ಹೇಳಿದ್ದರು. ಯುದ್ಧದ ಕಾಲದಲ್ಲಿ ಅವರ ಅಪ್ಪ ಚೀನಾದ ಒಂದು ಬಂದರು ಪಟ್ಟಣದಲ್ಲಿ ಕರಾಟೆ ಕಲಿಸುತ್ತಿದ್ದರು, ಇವರು ಅಲ್ಲೇ ಬೆಳೆದವರು ಎಂಬುದನ್ನು ಬೇರೊಂದು ದಿನ ಅವರೇ ನನಗೆ ಹೇಳಿದ್ದರು. ನನಗೆ ಮಾತ್ರ.

ಮಂಗಳವಾರ ಸಂಜೆ, ಇನ್ನೂ ಬೆಳಕಿತ್ತು. ಆಫೀಸಿನಿಂದ ಬಂದು ಮೆಟ್ಟಿಲು ಹತ್ತುತ್ತಿದ್ದೆವು. ಅಕ್ಕ ಮುಂದೆ, ಅವಳ ಹಿಂದೆ ಈರುಳ್ಳಿಯ ಚೀಲ ಹಿಡಿದು ನಾನು. ಹಿರಿಯ ಶಿಷ್ಯ ಮೇಲಿನಿಂದ ಇಳಿದು ಬಂದು ನಿಂತ. ನಮ್ಮ ಕೋಣೆಗಳ ಬಾಗಿಲ ಬಳಿ ಅವನಿಗೆ ಏನು ಕೆಲಸವಿತ್ತೋ.

“ಸುಮಿಮಾಸೆನ್, ಕ್ಷಮಿಸಿ” ಎಂದ, ಬಹಳ ಮರ್ಯಾದೆಯಿಂದ. “ಸಿನಿಮಾ ಚೆನ್ನಾಗಿತ್ತು. ಈಗ ಹಲಗೆ ವಾಪಸ್ ಕೊಡಿ.”

“ನಾನು ತೆಗೆದಿಲ್ಲ” ಎಂದಳು ಅಕ್ಕ.

“ನಿಮ್ಮ ಸಿನಿಮಾದಲ್ಲಿ ಯಾರು ತೆಗೆದದ್ದು?”

“ಬಂದರಿನ ಹಮಾಲಿ. ಬಂದರಿನಲ್ಲಿ ಕೆಲಸ ಮಾಡೋದು ನೀವು, ನಾನಲ್ಲ.”

ಅವನ ಭುಜ ಅಲುಗಿದ್ದು ಕಂಡಿತು, ಕೈ ಬಂದದ್ದು ಕಾಣಲಿಲ್ಲ. ಮುಷ್ಟಿ ಅಕ್ಕನ ಮೂಗಿನಿಂದ ಒಂದು ಬೆರಳು ಹಿಂದೆ ನಿಂತಿತ್ತು. ಅವಳ ಹಣೆಗೂದಲು ಆ ಗಾಳಿಗೆ ಎದ್ದು ಮತ್ತೆ ಕೂತಿತು. ನನ್ನ ಕೈಯಿಂದ ಚೀಲ ಜಾರಿತು. ಈರುಳ್ಳಿಗಳು ಒಂದೊಂದಾಗಿ ಮೆಟ್ಟಿಲಿಳಿದು ಹೋದ ಸದ್ದು ಈಗಲೂ ಕೇಳುತ್ತದೆ.

ಆ ಶಾಲೆಯಲ್ಲಿ ಕಲಿಸುತ್ತಿದ್ದದ್ದೇ ಅದು. ಪೂರ್ತಿ ಬಲದಿಂದ ಹೊಡೆಯಬೇಕು, ತಾಗುವ ಮುನ್ನ ನಿಲ್ಲಿಸಬೇಕು. ನಿಲ್ಲಿಸಲು ಬಾರದವನಿಗೆ ಹೊಡೆಯಲೂ ಬಾರದು ಎಂದು ಗುರುಗಳು ಹೇಳುತ್ತಿದ್ದರು.

ಅವನು ಕೈ ಇಳಿಸಿ, ಅವಳನ್ನು ಬಿಟ್ಟು ನನ್ನನ್ನು ನೋಡಿದ. “ನೀವು ನೋಡಿದಿರಲ್ಲ, ಇಂಡಿಯಾದವರೇ. ಮುಟ್ಟಿಲ್ಲ.”

ನಾನು ಹೌದು ಎಂದು ತಲೆಯಾಡಿಸಿದೆ. ಮುಟ್ಟಿರಲಿಲ್ಲ.

“ಸೆನ್ಸೇ ಶನಿವಾರ ಬರುತ್ತಾರೆ. ಅಷ್ಟರೊಳಗೆ ಅದು ಅಲ್ಲಿರಬೇಕು. ಇಲ್ಲದಿದ್ದರೆ ಅವರ ಮುದ್ರೆ ಬೀಳದ ಹಾಗೆ ನಾನು ನೋಡಿಕೊಳ್ಳುತ್ತೇನೆ.”

ಆ ಮುದ್ರೆಯ ವಿಷಯ ಅವನಿಗೂ ಗೊತ್ತಿತ್ತು. ಎರಡು ವರ್ಷದಿಂದ ಅಕ್ಕ ತನ್ನ ಗಂಡನನ್ನೂ ಮಗಳನ್ನೂ ಕರೆಸಿಕೊಳ್ಳಲು ಒದ್ದಾಡುತ್ತಿದ್ದಳು. ಈ ಕೋಣೆಯಲ್ಲಿ ಸಂಸಾರ ಇರಲು ಒಪ್ಪಿಗೆ ಇದೆ ಎಂದು ಮಾಲೀಕರು ಬರೆದು ಮುದ್ರೆ ಒತ್ತಿಕೊಟ್ಟರೆ ಮಾತ್ರ ವೀಸಾದ ಅರ್ಜಿ ಮುಂದೆ ಹೋಗುತ್ತಿತ್ತು. ಬಿಸಿನೀರಿನ ಬುಗ್ಗೆಗೆ ಹೋಗಿ ಬಂದ ಮೇಲೆ ಒತ್ತಿಕೊಡುತ್ತೇನೆ ಎಂದಿದ್ದರು ಗುರುಗಳು. ಮಗಳಿಗೆ ಐದು ವರ್ಷ. ಅಮ್ಮ ಎಂದರೆ ಅವಳಿಗೆ ಟೆಲಿಫೋನಿನಲ್ಲಿ ಬರುವ ಒಂದು ದನಿ.

“ಪೊಲೀಸರಿಗೆ ಹೇಳೋಣ” ಎಂದೆ.

“ಏನು ಅಂತ? ನನಗೆ ಏಟು ಬೀಳಲಿಲ್ಲ ಅಂತ ದೂರು ಕೊಡೋಣವಾ?” ಎಂದಳು ಅಕ್ಕ. ಕೆಳಗಿಳಿದು ಈರುಳ್ಳಿ ಹೆಕ್ಕತೊಡಗಿದಳು.

ಆದರೂ ಮರುದಿನ ನಾನೊಬ್ಬಳೇ ರೈಲು ನಿಲ್ದಾಣದ ಹತ್ತಿರದ ಪೊಲೀಸ್ ಚೌಕಿಗೆ ಹೋದೆ. ಒಳಗಿದ್ದವನು ಎದ್ದು ನಿಂತು ಏನು ಬೇಕೆಂದು ಕೇಳಿದ. ಅಂಚೆ ಕಚೇರಿ ಎಲ್ಲಿ ಎಂದು ಕೇಳಿ ಬಂದುಬಿಟ್ಟೆ. ಅಂಚೆ ಕಚೇರಿ ಎದುರಿಗೇ ಇತ್ತು.

ಆ ವಾರ ನನ್ನ ತಲೆ ಎಲ್ಲಿಗೆಲ್ಲ ಹೋಯಿತು ಎಂದು ನೆನೆದರೆ ಈಗ ಆಶ್ಚರ್ಯವಾಗುತ್ತದೆ. ಕೊರಿಯಾದವನು ಸೋಮವಾರ ಮುಂಜಾನೆಯೇ ಕೆಲಸದ ಮೇಲೆ ನಗೋಯಾಕ್ಕೆ ಹೋಗಿದ್ದ, ಉದ್ದನೆಯ ಚೀಲ ಹೊತ್ತು. ಎಲ್ಲವನ್ನೂ ತಮಾಷೆ ಮಾಡುವವನು ಇದನ್ನೂ ತಮಾಷೆಗೆ ಮಾಡಿರಬಹುದಲ್ಲ. ಅಥವಾ ಹಿರಿಯ ಶಿಷ್ಯನೇ ಶಾಲೆಯೊಳಗೆ ಬಚ್ಚಿಟ್ಟು ಆಟ ಆಡುತ್ತಿರಬಹುದು. ಕೀಲಿಕೈ ಇದ್ದದ್ದು ಅವನ ಹತ್ತಿರ ತಾನೆ. ಗುರುಗಳ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಅವರ ಮಂಡಿ ಆ ಹಲಗೆಯ ತೂಕ ತಾಳುವಂತಿರಲಿಲ್ಲ.

ಗುರುವಾರ ಅಕ್ಕನ ಕೋಣೆಗೆ ಚಹಾಕ್ಕೆ ಹೋದಾಗ ಬಾಗಿಲ ಹಿಂದೆ ಉದ್ದನೆಯದೊಂದು ವಸ್ತು ಗೋಡೆಗೆ ಒರಗಿತ್ತು. ಸುತ್ತ ಚೀನೀ ವೃತ್ತಪತ್ರಿಕೆ, ದಾರ. ಭಾನುವಾರ ಅದು ಅಲ್ಲಿರಲಿಲ್ಲ. ಅವಳು ನೀರು ಕಾಯಿಸುತ್ತಿದ್ದಳು. ನನ್ನ ಕಣ್ಣು ಎಲ್ಲಿದೆ ಎಂದು ತಿರುಗದೆಯೇ ಅವಳಿಗೆ ಗೊತ್ತಾಯಿತು.

“ಬಿಚ್ಚಿ ನೋಡು ತಂಗಿ” ಎಂದಳು. “ಹಲಗೆ ಇದೆ, ಅಕ್ಷರ ಇಲ್ಲ.”

ನಾನು ಬಿಚ್ಚಲಿಲ್ಲ. ಅವಳೇ ದಾರ ಕತ್ತರಿಸಿದಳು. ಯಾರೋ ಬಳಸಿ ಮಾರಿದ್ದ ಮಕ್ಕಳ ಮಂಚದ ಪಟ್ಟಿಗಳು, ಒಂದರ ಮೇಲೆ ಕರಡಿಯ ಚಿತ್ರ ಅಂಟಿಸಿತ್ತು.

“ನಿಮ್ಮ ಊರಿನ ಸಿನಿಮಾದಲ್ಲಿ ಚೀನಾದವರು ಬರುತ್ತಾರಾ?” ಎಂದು ಕೇಳಿದಳು, ಚಹಾದ ಕಪ್ಪನ್ನು ನನ್ನ ಮುಂದಿಡುತ್ತಾ.

“ಬರುತ್ತಾರೆ. ಖಳನಾಯಕನ ಪಕ್ಕದಲ್ಲಿ ನಿಂತಿರುತ್ತಾರೆ. ಮಾತಿರಲ್ಲ. ಕೊನೆಯಲ್ಲಿ ಹೊಡೆಸಿಕೊಳ್ಳುತ್ತಾರೆ.”

“ನಿಜವಾಗಿ ಚೀನಾದವರಾ?”

“ಗೊತ್ತಿಲ್ಲ. ಕಣ್ಣು ಚಿಕ್ಕದಿದ್ದರೆ ಸಾಕು, ಚೀನಾದವರೇ.”

ಅವಳು ನಗಬಹುದು ಅಂದುಕೊಂಡಿದ್ದೆ. “ಹಾಗಾದರೆ ನೀನೂ ಕಲಿತೇ ಬಂದಿದ್ದೀಯ” ಎಂದಳು.

ಶನಿವಾರ ಮಧ್ಯಾಹ್ನ ಬಡಗಿಯೊಬ್ಬನ ಸಣ್ಣ ಟ್ರಕ್ಕು ಮನೆ ಮುಂದೆ ನಿಂತಿತು. ಗುರುಗಳು ಬಡಗಿಯ ಪಕ್ಕದ ಸೀಟಿನಿಂದ ಇಳಿದರು. ಹಿಂದೆ ಕಂಬಳಿಯಲ್ಲಿ ಸುತ್ತಿದ ನಾಮಫಲಕ. ಸೋಮವಾರ ಬೆಳಿಗ್ಗೆ ನಾವು ಕೆಲಸಕ್ಕೆ ಹೋದ ಮೇಲೆ ಬಂದು ಅದನ್ನು ಒಯ್ದದ್ದೂ ಇದೇ ಟ್ರಕ್ಕು. ಗುರುಗಳು ಯಾರಿಗೂ ಹೇಳಿರಲಿಲ್ಲ. ಹಿರಿಯ ಶಿಷ್ಯ ಬಾಗಿಲಲ್ಲೇ ನಿಂತಿದ್ದ. ಅವನ ಕಿವಿ ಕೆಂಪಾದದ್ದು ಮೆಟ್ಟಿಲ ಮೇಲಿದ್ದ ನಮಗೂ ಕಂಡಿತು.

“ಹುಳು ಹಿಡಿದಿತ್ತು” ಎಂದರು ಗುರುಗಳು. “ಹೊಸ ಬಣ್ಣ ಹಾಕಿಸಿದೆ. ಹೆಣ್ಣುಮಕ್ಕಳೇ, ಸ್ವಲ್ಪ ಹಿಡಿಯುತ್ತೀರಾ? ಹೋದ ಸಲ ಇಳಿಸಿದವರು ನೀವೇ ಅಲ್ಲವೇ.”

ಶಿಷ್ಯನನ್ನು ಬಿಟ್ಟು ನಮ್ಮನ್ನೇ ಏಕೆ ಕರೆದರು ಎಂದು ಆಗಲೂ ಯೋಚಿಸಿದೆ, ಈಗಲೂ ಯೋಚಿಸುತ್ತೇನೆ. ನಾನೊಂದು ತುದಿ, ಅಕ್ಕ ಒಂದು ತುದಿ ಎತ್ತಿದೆವು. ಹಲಗೆ ಮೊದಲಿಗಿಂತ ಹಗುರವಾಗಿತ್ತು. ಕೊಕ್ಕೆಗೆ ಸಿಕ್ಕಿಸುವಾಗ ಹಿಂಬದಿ ಕಂಡಿತು. ಕೆಂಪಿಲ್ಲ, ತಿರುಗಣಿಯ ಗುರುತಿಲ್ಲ. ಬೆಳ್ಳಗೆ, ಆಗಷ್ಟೇ ಹೆರೆದ ಮರದ ವಾಸನೆ.

ಅಕ್ಕ ಇಂಗ್ಲಿಷಿನಲ್ಲಿ, ನನಗೆ ಮಾತ್ರ ಕೇಳುವಂತೆ ಹೇಳಿದಳು: “ಹುಳು ಕೆಂಪು ಬಣ್ಣವನ್ನಷ್ಟೇ ಹುಡುಕಿ ತಿನ್ನುತ್ತೆ ಅಂತ ಗೊತ್ತಿರಲಿಲ್ಲ.”

ಗುರುಗಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅವರು ನಮ್ಮ ಕಡೆ ನೋಡದೆ ಚೌಕಟ್ಟಿನ ಧೂಳು ಒರೆಸುತ್ತಿದ್ದರು. ಇಲ್ಲಿ ಯಾರೂ ಯಾವುದನ್ನೂ ಒಡೆದಿರಲಿಲ್ಲ. ಮುದುಕರು ಒಂದು ಸಿನಿಮಾ ನೋಡಿ, ಅದೇ ದೃಶ್ಯವನ್ನು ಮೂರು ಸಲ ನೋಡಿ, ಹೋಗಿ ಹೆರೆಸಿಕೊಂಡು ಬಂದಿದ್ದರು. ನಾಚಿಕೆಯಿಂದ ಮಾಡಿದರೋ, ಸಾಕ್ಷಿ ಉಳಿಯಬಾರದೆಂದು ಮಾಡಿದರೋ. ಆ ಬಾಗಿಲು ಯಾರ ಮನೆಯದಾಗಿತ್ತೋ ಅವರ ಬಗ್ಗೆ ಅವರಿಗೆ ಏನು ನೆನಪಿತ್ತೋ. ಕೇಳುವ ಧೈರ್ಯ ನನಗಿರಲಿಲ್ಲ. ಕೇಳುವ ಹಕ್ಕು ಇದ್ದವಳು ಕೇಳಲಿಲ್ಲ. ಅವಳಿಗೆ ಮುದ್ರೆ ಬೇಕಿತ್ತು.

ಆದರೆ ಮೆಟ್ಟಿಲ ವಿಷಯ ಹೇಳದಿರಲು ನನ್ನಿಂದ ಆಗಲಿಲ್ಲ. “ಸೆನ್ಸೇ, ಮಂಗಳವಾರ ಇವರು ಇವಳ ಮುಖಕ್ಕೆ ಮುಷ್ಟಿ ಎತ್ತಿದರು” ಎಂದೆ.

ಗುರುಗಳು ಬಟ್ಟೆ ಮಡಚಿದರು. “ನಿಲ್ಲಿಸಿದನೇ?”

“ಒಂದು ಬೆರಳು ಹಿಂದೆ.”

ಅವರ ಮುಖದಲ್ಲಿ ಮೊದಲು ಹಾದುಹೋದದ್ದು ಕೋಪವಲ್ಲ. ಕಲಿಸಿದ ಪಾಠ ಸರಿಯಾಗಿ ಒಪ್ಪಿಸಿದ ಶಿಷ್ಯನ ಬಗ್ಗೆ ಮೇಷ್ಟರಿಗೆ ಬರುವಂಥದ್ದೇನೋ. ನಾನು ನೋಡಿದೆ. ಅಥವಾ ನೋಡಿದೆ ಅಂದುಕೊಂಡಿದ್ದೇನೆ. ಆಮೇಲೆ ಅವರು ಶಿಷ್ಯನ ಹೆಸರು ಹಿಡಿದು ಕರೆದರು. ಅವನು ಅಕ್ಕನ ಎದುರು ಬಂದು ನಿಂತು, ಕೈಗಳನ್ನು ತೊಡೆಗೆ ಅಂಟಿಸಿ, ಸೊಂಟದಿಂದ ಬಾಗಿದ. ಬಾಗುವ ಮುನ್ನ ಅವನ ಭುಜ ಅಲುಗಿದೊಡನೆ ನಾನು ಅಕ್ಕನ ತೋಳು ಹಿಡಿದು ಹಿಂದಕ್ಕೆ ಎಳೆದೆ. ನಮಸ್ಕಾರವೂ ಹಾಗೆಯೇ ಶುರುವಾಗುತ್ತದೆ.

ಅವನು ಬಹಳ ಹೊತ್ತು ತಲೆ ಎತ್ತಲಿಲ್ಲ. ಅಕ್ಕ ಅವನ ನೆತ್ತಿ ನೋಡುತ್ತಾ ನಿಂತಿದ್ದಳು. ಕೊನೆಗೆ “ಸಾಕು, ನಿಮ್ಮ ಬಂದರಿನ ಕೆಲಸಕ್ಕೆ ಹೊತ್ತಾಗುತ್ತದೆ” ಎಂದಳು.

ಗುರುಗಳು ಅಂದೇ ಮುದ್ರೆ ಒತ್ತಿಕೊಟ್ಟರು. ರಾತ್ರಿ ನಗೋಯಾದಿಂದ ಬಂದ ಕೊರಿಯಾದವನಿಗೆ ಎಲ್ಲ ಹೇಳಿದೆವು. ಅವನ ಉದ್ದನೆಯ ಚೀಲದಲ್ಲಿ ಇದ್ದದ್ದು ಮೀನಿನ ಗಾಳದ ಕೋಲು. ಅವನು ಮೊದಲ ಬಾರಿಗೆ ನಗದೆ ಕೇಳಿಸಿಕೊಂಡ. ಆಮೇಲೆ, “ನಮ್ಮ ಸಿನಿಮಾ ಆಗಿದ್ದರೆ ಇದಕ್ಕೆ ಎರಡು ಗಂಟೆ ಹೊಡೆದಾಟ ಬೇಕಿತ್ತು. ಇವರು ಬಡಗಿಯ ಒಂದು ಉಜ್ಜುಗೊರಡಿನಲ್ಲಿ ಮುಗಿಸಿದರು” ಎಂದ.

ನನಗೆ ಮುಗಿದಿರಲಿಲ್ಲ. ಕಣ್ಣು ಮುಚ್ಚಿದರೆ ಆ ಮುಷ್ಟಿ ಬರುತ್ತಿತ್ತು. ಹಗಲು ಅದು ನಿಲ್ಲುತ್ತಿತ್ತು, ನಿದ್ದೆಯಲ್ಲಿ ನಿಲ್ಲುತ್ತಿರಲಿಲ್ಲ. ಆಫೀಸಿನಲ್ಲಿ ಯಾರಾದರೂ ನಗುತ್ತಾ ಬಾಗಿದರೆ ಅವರ ಕೈ ಎಲ್ಲಿದೆ ಎಂದು ನೋಡುತ್ತಿದ್ದೆ. ಮೂರು ದೇಶದವರು ಒಂದೇ ಮೇಜಿನಲ್ಲಿ ಕೂತು, ಹೆಸರಿನ ಜೊತೆ ಗೌರವದ ‘ಸಾನ್’ ಸೇರಿಸಿ ಕರೆದುಕೊಂಡು, ಒಬ್ಬರ ತಪ್ಪನ್ನು ಒಬ್ಬರು ಮೃದುವಾಗಿ ತಿದ್ದುವಾಗ ಆ ಒಂದು ಬೆರಳಿನ ಜಾಗ ನನಗೆ ಕಾಣುತ್ತಿತ್ತು. ಯಾರೂ ಮುಟ್ಟುತ್ತಿರಲಿಲ್ಲ. ಹಿರಿಯ ಶಿಷ್ಯ ಎಂದಿನಂತೆ ಅಭ್ಯಾಸಕ್ಕೆ ಬರುತ್ತಿದ್ದ. ಮೆಟ್ಟಿಲ ಬಳಿ ಎದುರಾದರೆ ಗೋಡೆಗೆ ಒತ್ತಿ ನಿಂತು ನಮಗೆ ದಾರಿ ಬಿಡುತ್ತಿದ್ದ. ಆ ಒಳ್ಳೆಯತನವೂ ನನಗೆ ಅನುಮಾನವೇ.

ಮಾರ್ಚ್ ತಿಂಗಳಲ್ಲಿ ಅಕ್ಕನ ಗಂಡನೂ ಮಗಳೂ ಬಂದರು. ಮೊದಲ ದಿನ ಮಗು ಅಮ್ಮನ ಹತ್ತಿರ ಹೋಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ, ಅಮ್ಮ ಇವಳೇ ಇರಬಹುದೇ ಎಂದು ಅಪ್ಪನನ್ನು ಕೇಳಿತಂತೆ. ಅಕ್ಕ ಅದನ್ನು ನನಗೆ ಅನುವಾದ ಮಾಡಿ ಹೇಳಿದಳು, ಏನನ್ನೂ ಬಿಡದೆ. ಸಂಜೆ ಕರಡಿಯ ಚಿತ್ರದ ಮಂಚವನ್ನು ಜೋಡಿಸಿದರು. ಒಂದು ತಿರುಪು ಕಡಿಮೆ ಇತ್ತು. ಹಿರಿಯ ಶಿಷ್ಯ ಕೆಳಗಿನಿಂದ ಒಂದು ತಿರುಪನ್ನೂ ಸ್ಕ್ರೂಡ್ರೈವರನ್ನೂ ತಂದು ಬಾಗಿಲ ಹೊರಗೆ ನೆಲದ ಮೇಲಿಟ್ಟು ಹೋದ. ಒಳಗೆ ಬರಲಿಲ್ಲ. ಅಕ್ಕ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಆಮೇಲೆ ಗಂಡನ ಕೈಗೆ ಕೊಟ್ಟಳು.

ಮರುದಿನ ಭಾನುವಾರ. ಬಾಗಿಲು ಬಡಿದ ಸದ್ದಿಗೆ ಎದ್ದೆ. ಬಿಸಿಲು ಚಾಪೆಯ ಅರ್ಧಕ್ಕೆ ಬಂದಿತ್ತು. ಅಕ್ಕ ಕಣ್ಣು ಊದಿಸಿಕೊಂಡು ನಿಂತಿದ್ದಳು, ಸೊಂಟದ ಮೇಲೆ ಮಗು, ಮಗುವಿನ ಹಣೆಯಲ್ಲಿ ಸಣ್ಣ ಬುಗುಟು.

“ತಪ್ಪು ತಿಳಿಬೇಡ ತಂಗಿ, ರಾತ್ರಿಯಿಡೀ ನಿನ್ನ ನಿದ್ದೆ ಕೆಡಿಸಿದೆವು. ಮಂಚದಿಂದ ಬಿದ್ದಳು. ಬೀದಿಯೆಲ್ಲ ಏಳೋ ಹಾಗೆ ಅತ್ತಳು. ಕೆಳಗಿನಿಂದ ಸೆನ್ಸೇ ಬಂದು ನೋಡಿ ಹೋದರು.”

“ಯಾವಾಗ?” ಎಂದೆ.

“ನಿನಗೆ ಕೇಳಿಸಲಿಲ್ಲವಾ?”

ಕೇಳಿಸಿರಲಿಲ್ಲ. ಆ ರಾತ್ರಿ ಮುಷ್ಟಿಯೂ ಬಂದಿರಲಿಲ್ಲ.